ಮಗುವಿಗೆ ಯಾವ ಡಾಕ್ಟರ್? ಬೀದಿ ಕ್ಲಿನಿಕ್ಕಿನಿಂದ ದೊಡ್ಡಾಸ್ಪತ್ರೆವರೆಗೆ ಒಂದು ಹೋಲಿಕೆ

ನನ್ನ ಮಗಳಿಗೆ ಆರು ವರ್ಷ ಇದ್ದಾಗ ಹೊಟ್ಟೆನೋವು ಶುರುವಾಯಿತು. ಸಂಜೆ ಸ್ಕೂಲಿಂದ ಬಂದ ಕೂಡಲೇ ಬ್ಯಾಗ್ ಎಸೆದು, ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಿದ್ದಳು. ನಾವು ಗಾಬರಿಯಾಗಿ ನೇರ ದೊಡ್ಡಾಸ್ಪತ್ರೆಗೆ ಹೋದೆವು. ಒಬ್ಬರು ರಕ್ತ, ಮೂತ್ರ ಪರೀಕ್ಷೆ ಬರೆದರು. ಇನ್ನೊಬ್ಬರು ಸ್ಕ್ಯಾನ್ ಮಾಡಿಸಿ ಅಂದರು. ಮೂರನೆಯವರು ಹೊಟ್ಟೆಯ ಸ್ಪೆಷಲಿಸ್ಟ್. ಎರಡು ತಿಂಗಳು, ಮೂರು ಫೈಲು. ಎಲ್ಲ ರಿಪೋರ್ಟೂ ನಾರ್ಮಲ್. ನೋವು ಮಾತ್ರ ಹಾಗೇ ಇತ್ತು.

ಕೊನೆಗೆ ನಮ್ಮತ್ತೆ, "ನಮ್ಮ ಬೀದಿ ಡಾಕ್ಟರಿಗೆ ಒಂದ್ಸಲ ತೋರಿಸಮ್ಮ, ಅವರ ಕೈಗುಣ ಚೆನ್ನಾಗಿದೆ" ಅಂದರು. ಅವರು ಹೊಟ್ಟೆ ಒತ್ತಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಮಗಳನ್ನೇ ಕೇಳಿದರು: "ಪುಟ್ಟಾ, ಭಾನುವಾರಾನೂ ನೋಯುತ್ತಾ?" ಇಲ್ಲ ಅಂತ ತಲೆಯಾಡಿಸಿದಳು. "ಹೊಸ ಸ್ಕೂಲಲ್ಲಿ ಟಾಯ್ಲೆಟ್‌ಗೆ ಹೋಗ್ತೀಯಾ?" ಅವಳು ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ, "ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ" ಅಂದಳು.

ಬೆಳಗ್ಗೆ ಎಂಟರಿಂದ ನಾಲ್ಕರವರೆಗೆ ಮಗು ಎಲ್ಲವನ್ನೂ ತಡೆದುಕೊಳ್ಳುತ್ತಿತ್ತು. ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ ಅಂತ ನೀರೂ ಕುಡಿಯುತ್ತಿರಲಿಲ್ಲ. ನೀರಿನ ಬಾಟಲಿ ದಿನಾ ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಅದನ್ನು ನಾನು ನೋಡಿದ್ದೆ, ಬೈದಿದ್ದೆ, ಆದರೆ ಹೊಟ್ಟೆನೋವಿಗೂ ಅದಕ್ಕೂ ನಂಟು ಇರಬಹುದು ಅಂತ ಹೊಳೆದೇ ಇರಲಿಲ್ಲ. ಮಲಬದ್ಧತೆ, ಅಷ್ಟೇ. ಕೆಲವು ತಿಂಗಳು ಮಲ ಮೆತ್ತಗಾಗುವ ಔಷಧ, ಊಟ ಆದಮೇಲೆ ಕಾಲ ಕೆಳಗೆ ಸ್ಟೂಲ್ ಇಟ್ಟುಕೊಂಡು ಹತ್ತು ನಿಮಿಷ ಕೂರುವ ಅಭ್ಯಾಸ, ಕ್ಲಾಸ್ ಟೀಚರ್ ಜೊತೆ ಒಂದು ಮಾತು. ಹುಡುಗಿ ಸರಿಹೋದಳು.

ದೊಡ್ಡಾಸ್ಪತ್ರೆಯಲ್ಲಿ ನೋಡಿದವರೆಲ್ಲ ಒಳ್ಳೆಯ ಡಾಕ್ಟರುಗಳೇ. ಒಬ್ಬೊಬ್ಬರೂ ತಮ್ಮ ಪಾಲಿನ ಭಾಗವನ್ನು ಸರಿಯಾಗಿ ನೋಡಿದರು. ಇಡೀ ಮಗುವನ್ನು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಬೀದಿ ಡಾಕ್ಟರಿಗೆ ಅವಳು ಆ ಜೂನ್‌ನಲ್ಲಿ ಸ್ಕೂಲ್ ಬದಲಾಯಿಸಿದ್ದು ಗೊತ್ತಿತ್ತು. ನನ್ನ ಮಟ್ಟಿಗೆ ಕೈಗುಣ ಅಂದರೆ ಅದು.

ಅಂದಿನಿಂದ ಪರಿಚಯದವರು ಯಾರಾದರೂ "ಮಗುವಿಗೆ ಯಾವ ಡಾಕ್ಟರ್ ಒಳ್ಳೇದು?" ಅಂತ ಕೇಳಿದರೆ ನಾನು ಹೆಸರು ಹೇಳುವುದಿಲ್ಲ. ಯಾವ ಥರದ ಡಾಕ್ಟರ್ ಬೇಕು ಅಂತ ಮೊದಲು ಕೂತು ಯೋಚಿಸೋಣ ಅನ್ನುತ್ತೇನೆ. ಹಾಗೆ ಹೇಳುತ್ತಾ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಮಗು ಏನನ್ನೂ ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿ ಆಗುತ್ತಿದೆ, ಫಿಟ್ಸ್ ಬಂದಿದೆ, ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ, ಅಥವಾ ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಇಲ್ಲವೇ ಅದಕ್ಕಿಂತ ಜಾಸ್ತಿ ಜ್ವರ ಇದೆ ಅಂದರೆ ಈ ಹೋಲಿಕೆ ಯಾವುದೂ ಬೇಡ. ಒಳರೋಗಿಗಳನ್ನು ಸೇರಿಸಿಕೊಳ್ಳುವ, ಹತ್ತಿರದ ಆಸ್ಪತ್ರೆಗೆ ಓಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಅಳೆಯುವುದು ಯಾವುದರಿಂದ?

ಅಮೆರಿಕದಲ್ಲಿ ಬಾರ್ಬರಾ ಸ್ಟಾರ್‌ಫೀಲ್ಡ್ ಅಂತ ಒಬ್ಬರು ಇದ್ದರು. ಓದಿದ್ದು ಮಕ್ಕಳ ವೈದ್ಯಕೀಯ. 2011ರಲ್ಲಿ ತೀರಿಕೊಳ್ಳುವವರೆಗೂ ಜನ ಮೊದಲು ಹೋಗುವ ಡಾಕ್ಟರ್ ಹೇಗಿರಬೇಕು ಅನ್ನುವುದನ್ನೇ ಅಧ್ಯಯನ ಮಾಡಿದರು. ಅವರು ಹೇಳಿದ ನಾಲ್ಕು ಗುಣಗಳನ್ನು ನಮ್ಮ ಮನೆಮಾತಿಗೆ ಇಳಿಸಿದರೆ ಹೀಗಾಗುತ್ತದೆ.

ಏನೇ ಆದರೂ ಮೊದಲು ಅವರ ಹತ್ತಿರವೇ ಹೋಗಲು ಆಗಬೇಕು: ದೂರ, ಸಮಯ, ದುಡ್ಡು ಅಡ್ಡ ಬರಬಾರದು. ವರ್ಷಗಟ್ಟಲೆ ಅದೇ ವ್ಯಕ್ತಿ ನೋಡಬೇಕು. ಜ್ವರ, ಕೆಮ್ಮು ಮಾತ್ರ ಅಲ್ಲ, ತೂಕ, ಊಟ, ನಿದ್ದೆ, ಮಾತು, ಸ್ಕೂಲು, ಮನೆ ಎಲ್ಲವೂ ಅವರ ಲೆಕ್ಕದಲ್ಲಿರಬೇಕು. ಮತ್ತೆ, ಬೇರೆಯವರ ಹತ್ತಿರ ಕಳಿಸಿದರೆ ಅಲ್ಲಿ ಏನಾಯಿತು ಅಂತ ಕೇಳಿ, ಎಲ್ಲವನ್ನೂ ಒಂದು ಕಡೆ ಜೋಡಿಸಬೇಕು.

ಇದಕ್ಕೆ ನಾನು ಎರಡು ಸೇರಿಸುತ್ತೇನೆ. ಒಂದು, ಮಗುವಿನ ವಯಸ್ಸಿಗೆ ಬೇಕಾದ ತಿಳಿವಳಿಕೆ. ತಿಂಗಳ ಕೂಸನ್ನು ನೋಡುವುದಕ್ಕೂ ಹತ್ತು ವರ್ಷದ ಹುಡುಗನನ್ನು ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಇನ್ನೊಂದು, ವರ್ಷದ ಒಟ್ಟು ಖರ್ಚು. ಫೀಸು ಅದರಲ್ಲಿ ಸಣ್ಣ ಪಾಲು. ಪರೀಕ್ಷೆ, ಔಷಧ, ಲಸಿಕೆ, ಆಟೋ, ಒಂದು ದಿನದ ಕೂಲಿ ಅಥವಾ ರಜೆ, ಎಲ್ಲ ಕೂಡಿಸಿ ನೋಡಿ.

ಬೀದಿಯ ಫ್ಯಾಮಿಲಿ ಡಾಕ್ಟರ್

ಅಜ್ಜನ ಬಿಪಿ, ಅಮ್ಮನ ಥೈರಾಯ್ಡ್, ಮಗುವಿನ ಶೀತ, ಮೂರೂ ಒಂದೇ ಕುರ್ಚಿಯಲ್ಲಿ ಕೂತು ನೋಡುವವರು. ಎಂಬಿಬಿಎಸ್ ಮಾಡಿದವರು ಇರುತ್ತಾರೆ, ಅದರ ಮೇಲೆ ಫ್ಯಾಮಿಲಿ ಮೆಡಿಸಿನ್ ಓದಿದವರೂ ಈಗ ಸಿಗುತ್ತಾರೆ. ಮೊದಲ ಎರಡು ಅಳತೆಯಲ್ಲಿ ಇವರನ್ನು ಮೀರಿಸುವುದು ಕಷ್ಟ. ನಡೆದುಕೊಂಡು ಹೋಗುವಷ್ಟು ಹತ್ತಿರ, ರಾತ್ರಿ ಎಂಟಕ್ಕೂ ಸಿಗುತ್ತಾರೆ, ಫೀಸೂ ಕಡಿಮೆ. ಮನೆಯಲ್ಲಿ ಯಾರಿಗೆ ಅಸ್ತಮಾ, ಯಾರಿಗೆ ಕ್ಷಯ ಆಗಿತ್ತು ಅಂತ ನೀವು ಹೇಳದೆಯೂ ಗೊತ್ತಿರುತ್ತದೆ. ಮಗುವಿನ ವಾರಗಟ್ಟಲೆ ಕೆಮ್ಮಿಗೆ ಎಷ್ಟೋ ಸಲ ಉತ್ತರ ಇರುವುದು ಅಲ್ಲೇ.

ತೊಂದರೆ ಎಲ್ಲಿ ಅಂದರೆ ಪುಟ್ಟ ಕೂಸುಗಳಲ್ಲಿ. ಹುಟ್ಟಿದ ಮಗುವಿನ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಸುಮಾರು ಐದು ತಿಂಗಳಿಗೆ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು. ಇದನ್ನು ಗಮನಿಸಲು ಕೂಸಿನ ತಕ್ಕಡಿ ಬೇಕು, ಅಭ್ಯಾಸ ಬೇಕು. ಎಷ್ಟೋ ಬೀದಿ ಕ್ಲಿನಿಕ್ಕುಗಳಲ್ಲಿ ದೊಡ್ಡವರು ನಿಲ್ಲುವ ತಕ್ಕಡಿ ಮಾತ್ರ ಇರುತ್ತದೆ. ಅಂಥ ಕಡೆ ಎರಡು ವರ್ಷದೊಳಗಿನ ಮಗುವಿಗೆ ಇವರೊಬ್ಬರೇ ಸಾಕು ಅಂತ ನಾನು ಹೇಳಲಾರೆ.

ಇನ್ನೊಂದು ಗಮನಿಸಿ. ಶೀತಕ್ಕೆ ಹೋದಾಗಲೆಲ್ಲ ಆ್ಯಂಟಿಬಯಾಟಿಕ್, ಪ್ರತಿ ಜ್ವರಕ್ಕೂ ಒಂದು ಇಂಜೆಕ್ಷನ್ ಅನ್ನುವ ಕ್ಲಿನಿಕ್ ಆದರೆ ಎಷ್ಟೇ ಹತ್ತಿರವಿದ್ದರೂ ಬೇಡ. ಕೆಮ್ಮಿನ ಸಿರಪ್ ವಿಷಯವೂ ಅಷ್ಟೇ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಸಿರಪ್ ಕೊಡಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲೇ ಹೇಳಿದೆ. ಕೇಳಿದ ತಕ್ಷಣ ಸಿರಪ್ ಬರೆಯುವವರಿಗಿಂತ, "ಬೇಡಮ್ಮ, ಬಿಸಿನೀರು ಕೊಡಿ, ಮೂರು ದಿನ ನೋಡೋಣ" ಅನ್ನುವವರನ್ನು ನಂಬಿ.

ಮಕ್ಕಳ ಡಾಕ್ಟರ ಸ್ವಂತ ಕ್ಲಿನಿಕ್

ಬೋರ್ಡಿನಲ್ಲಿ ಡಿಸಿಎಚ್, ಎಂಡಿ ಅಥವಾ ಡಿಎನ್‌ಬಿ ಪೀಡಿಯಾಟ್ರಿಕ್ಸ್ ಅಂತ ಇರುತ್ತದೆ. ಹುಟ್ಟಿನಿಂದ ಐದು ವರ್ಷದವರೆಗೆ, ಕೈಲಾದವರಿಗೆ, ನನ್ನ ಮೊದಲ ಆಯ್ಕೆ ಇದೇ. ತೂಕ, ಎತ್ತರ, ತಲೆಯ ಸುತ್ತಳತೆ ಬರೆದಿಡುತ್ತಾರೆ. ಕತ್ತು ಯಾವಾಗ ನಿಂತಿತು, ಅಂಬೆಗಾಲು ಯಾವಾಗ, ಮೊದಲ ಮಾತು ಯಾವಾಗ ಅಂತ ಕೇಳುತ್ತಾರೆ. ಲಸಿಕೆಯ ನೆಪದಲ್ಲಾದರೂ ಮಗು ಹುಷಾರಾಗಿರುವಾಗ ಅವರ ಕಣ್ಣಿಗೆ ಬೀಳುತ್ತದೆ. ಇದು ಬಹಳ ಮುಖ್ಯ. ಹುಷಾರಾಗಿದ್ದಾಗ ಮಗು ಹೇಗಿರುತ್ತದೆ ಅಂತ ಗೊತ್ತಿದ್ದರೆ ತಾನೇ ಹುಷಾರಿಲ್ಲದಾಗ ಬದಲಾವಣೆ ಕಾಣುವುದು?

ಒಳ್ಳೆಯ ಮಕ್ಕಳ ಡಾಕ್ಟರ್ ಕೂಸಿನ ಜೊತೆ ತಾಯಿಯನ್ನೂ ನೋಡುತ್ತಾರೆ. ನನ್ನ ಮೊದಲ ಹೆರಿಗೆ ಆದ ಆರನೇ ವಾರ, ಕೂಸಿನ ಲಸಿಕೆ ಮುಗಿಸಿ ಕೈ ತೊಳೆಯುತ್ತಾ ಒಬ್ಬರು ನನ್ನನ್ನು, "ನೀವು ನಿದ್ದೆ ಮಾಡ್ತಿದ್ದೀರಾಮ್ಮ? ಅಳು ಬರುತ್ತಾ?" ಅಂತ ಕೇಳಿದ್ದರು. ಬಾಣಂತನದ ಗದ್ದಲದಲ್ಲಿ ಅದುವರೆಗೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಅಮ್ಮನ ಮನಸ್ಸು ಕುಸಿದರೆ ಮಗುವಿನ ಹಾಲು, ನಿದ್ದೆ ಎಲ್ಲದರ ಮೇಲೂ ಬೀಳುತ್ತದೆ ಅಂತ ಅವರಿಗೆ ಗೊತ್ತಿತ್ತು.

ಖರ್ಚು ಜಾಸ್ತಿ ಬರುವುದು ಲಸಿಕೆಯಲ್ಲಿ. ಖಾಸಗಿಯಲ್ಲಿ ಎಲ್ಲ ಲಸಿಕೆ ಹಾಕಿಸಿದರೆ ಮೊದಲ ಎರಡು ವರ್ಷದಲ್ಲೇ ಸಾವಿರಾರು ರೂಪಾಯಿ ಹೋಗುತ್ತದೆ. "ನೋವಿಲ್ಲದ ಇಂಜೆಕ್ಷನ್" ಅಂತ ಕೇಳಿರುತ್ತೀರಿ. ಅದರಲ್ಲಿ ಜ್ವರ, ಊತ ಕಡಿಮೆ, ನಿಜ. ಆದರೆ ಸರ್ಕಾರಿ ಆಸ್ಪತ್ರೆಯ ಲಸಿಕೆಯ ರಕ್ಷಣೆ ಅದಕ್ಕಿಂತ ಕಮ್ಮಿ ಇಲ್ಲ. ದುಡ್ಡಿಲ್ಲ ಅಂತ ಯಾವ ಅಪ್ಪ ಅಮ್ಮನೂ ಇದಕ್ಕಾಗಿ ಕೊರಗಬೇಕಾಗಿಲ್ಲ. ಭಾನುವಾರ, ಹಬ್ಬದ ದಿನ ಈ ಕ್ಲಿನಿಕ್ಕುಗಳು ಮುಚ್ಚಿರುತ್ತವೆ. ಆಗ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ.

ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗ

ಇಪ್ಪತ್ತನಾಲ್ಕು ಗಂಟೆ ತೆರೆದಿರುತ್ತದೆ. ಲ್ಯಾಬ್, ಐಸಿಯು, ಸ್ಪೆಷಲಿಸ್ಟು ಒಂದೇ ಸೂರಿನಡಿ. ಅವಧಿಗೆ ಮುಂಚೆ ಹುಟ್ಟಿದ ಮಗು, ಹೃದಯದಲ್ಲಿ ರಂಧ್ರ ಇರುವ ಮಗು, ಫಿಟ್ಸ್, ಥಲಸ್ಸೇಮಿಯಾ, ಚಿಕ್ಕಂದಿನ ಸಕ್ಕರೆ ಕಾಯಿಲೆ ಇರುವ ಮಗು, ಇವರಿಗೆ ಇಂಥ ಜಾಗ ಬೇಕೇ ಬೇಕು.

ಮಾಮೂಲಿ ಜ್ವರ, ಭೇದಿಗೆ ಮಾತ್ರ ಬೇಡ. ಪ್ರತಿ ಸಲ ಡ್ಯೂಟಿಯಲ್ಲಿ ಬೇರೆ ಯಾರೋ ಇರುತ್ತಾರೆ. ಮಗುವಿನ ಕಥೆಯನ್ನು ನೀವು ಮೊದಲಿನಿಂದ ಹೇಳಬೇಕು. ಗೊತ್ತಿಲ್ಲದ ಮಗುವನ್ನು ನೋಡುವ ಡಾಕ್ಟರ್, ತಪ್ಪಾಗಬಾರದು ಅಂತ ಎರಡು ಪರೀಕ್ಷೆ ಜಾಸ್ತಿ ಬರೆಯುವುದು ಸಹಜ. ದೀರ್ಘ ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರು ಇಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಹೃದಯ ನೋಡಲು ಹೃದಯದ ಡಾಕ್ಟರ್ ಇದ್ದಾರಲ್ಲ, ಇನ್ನೇನು ಅಂದುಕೊಳ್ಳುತ್ತಾರೆ. ಆ ಮಗುವಿನ ಲಸಿಕೆ ಯಾರು ನೋಡುತ್ತಾರೆ? ಸ್ಕೂಲಲ್ಲಿ ಆಟಕ್ಕೆ ಬಿಡಬಹುದಾ ಅಂತ ಯಾರು ಹೇಳುತ್ತಾರೆ? ಆಸ್ಪತ್ರೆ ಓಡಾಟದಲ್ಲಿ ಯಾರೂ ಗಮನ ಕೊಡದ ಅಕ್ಕನೋ ತಮ್ಮನೋ ಮಂಕಾಗಿರುವುದು ಯಾರ ಕಣ್ಣಿಗೆ ಬೀಳುತ್ತದೆ? ಕಾಯಿಲೆ ದೊಡ್ಡದಾದಷ್ಟೂ ಮನೆ ಹತ್ತಿರ ಒಬ್ಬ ಡಾಕ್ಟರ್ ಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಸ್ಪೆಷಲಿಸ್ಟ್ ಕಾಯಿಲೆಗೆ, ಇವರು ಮಗುವಿಗೆ.

ಸರ್ಕಾರಿ ವ್ಯವಸ್ಥೆ

ಇದನ್ನು ಖಾಸಗಿಯವರ ನಂತರ ಇಟ್ಟಿದ್ದೇನೆ, ಆದರೆ ನಮ್ಮ ಮಧ್ಯಮ ವರ್ಗದವರಿಗೆ ಕಡಿಮೆ ಗೊತ್ತಿರುವುದೂ ಇದೇ. ಕಾಗದದ ಮೇಲೆ ನೋಡಿದರೆ ಇಡೀ ಮಗುವನ್ನು ನೋಡುವ ವ್ಯವಸ್ಥೆ ಅಂತ ಇರುವುದು ಇದೊಂದೇ. ಹೆರಿಗೆಯಾದ ಮೂರನೇ ದಿನದಿಂದ 42ನೇ ದಿನದವರೆಗೆ ಆಶಾ ಕಾರ್ಯಕರ್ತೆ ಮನೆಗೇ ಬಂದು ತಾಯಿ, ಕೂಸು ಇಬ್ಬರನ್ನೂ ನೋಡಬೇಕು. ಅಂಗನವಾಡಿಯಲ್ಲಿ ತೂಕ, ಆಹಾರ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಪಟ್ಟಣವಾದರೆ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ನಲ್ಲಿ, ಡಾಕ್ಟರ್ ಮತ್ತು ಔಷಧ, ಎರಡೂ ಉಚಿತ. ಬಹಳ ಕಡೆ ಗುರುವಾರ ಲಸಿಕೆ ದಿನ. ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ರೋಟಾವೈರಸ್, ದಡಾರ-ರುಬೆಲ್ಲಾ, ಖಾಸಗಿಯಲ್ಲಿ ದುಬಾರಿಯಾದ ನ್ಯುಮೋಕಾಕಲ್ ಕೂಡ, ಒಂದು ರೂಪಾಯಿ ಇಲ್ಲದೆ ಸಿಗುತ್ತವೆ.

ಬಸುರಿಯಾದಾಗ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ತಾಯಿ ಕಾರ್ಡನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಬಣ್ಣದ ಪಟ್ಟಿಗಳಿರುವ ತೂಕದ ನಕ್ಷೆ ಇದೆ. ಪ್ರತಿ ತಿಂಗಳ ತೂಕಕ್ಕೆ ಒಂದು ಚುಕ್ಕೆ ಇಟ್ಟು ಸೇರಿಸುತ್ತಾ ಹೋಗಿ. ಗೆರೆ ಮೇಲಕ್ಕೆ ಏರುತ್ತಿದ್ದರೆ ನೆಮ್ಮದಿ. ಎರಡು ತಿಂಗಳು ಅಡ್ಡಡ್ಡ ಮಲಗಿದರೆ, ಹಸಿರಿನಿಂದ ಹಳದಿಗೆ ಇಳಿದರೆ, ಮಗು ಆಡಿಕೊಂಡೇ ಇದ್ದರೂ ಡಾಕ್ಟರಿಗೆ ತೋರಿಸಬೇಕು. "ಹಲ್ಲು ಬರ್ತಿದೆ, ಅದಕ್ಕೆ ಸೊರಗಿದೆ" ಅಂತ ಸುಮ್ನೆ ಕೂರಬಾರದು. ಎಷ್ಟೋ ಖಾಸಗಿ ಫೈಲುಗಳಲ್ಲಿ ಈ ಒಂದು ಗೆರೆ ಇರುವುದಿಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಸೀಳುತುಟಿ, ತಿರುಚಿದ ಪಾದ, ಹೃದಯದ ತೊಂದರೆ, ಕಿವಿ ಕೇಳದಿರುವುದು, ಬೆಳವಣಿಗೆ ನಿಧಾನ ಆಗಿರುವುದು, ಇಂಥವನ್ನು ಗುರುತಿಸಿ ಮುಂದಿನ ಚಿಕಿತ್ಸೆಗೆ ಕಳಿಸುತ್ತಾರೆ. ಅಲ್ಲಿಂದ ಮೇಲೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿ ವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳು ಇವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ದೊಡ್ಡ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಹಾಗಾಗಿ ಖಾಸಗಿಗೆ ಹೋಗುವವರೂ ಹತ್ತಿರದ ಸರ್ಕಾರಿ ಆಸ್ಪತ್ರೆಯ ಪರಿಚಯ ಇಟ್ಟುಕೊಳ್ಳುವುದು ಒಳ್ಳೆಯದು.

ಕೊರತೆಗಳೂ ಇವೆ. ಡಾಕ್ಟರಿಗೆ ವರ್ಗಾವಣೆ ಆಗುತ್ತದೆ, ಅಷ್ಟು ದಿನದ ಪರಿಚಯ ಅವರ ಜೊತೆಗೇ ಹೋಗುತ್ತದೆ. ಸಾಲು ಉದ್ದ, ಒಂದು ಮಗುವಿಗೆ ಸಿಗುವ ಸಮಯ ಕಡಿಮೆ. ಸಂಜೆ ಮೇಲೆ ಎಷ್ಟೋ ಕೇಂದ್ರಗಳು ಮುಚ್ಚಿರುತ್ತವೆ. ವರ್ಷಗಟ್ಟಲೆ ಒಂದೇ ಊರಲ್ಲಿ ಇರುವವರು ಅಂದರೆ ಆಶಾ ಮತ್ತು ಅಂಗನವಾಡಿ ಟೀಚರ್. ಮಗುವನ್ನು ನಿಜವಾಗಿ ಬಲ್ಲವರು ಅವರೇ. ಅವರ ನಂಬರ್ ನಿಮ್ಮ ಫೋನಿನಲ್ಲಿ ಇರಲಿ.

ಫೋನ್, ವಿಡಿಯೊ ಸಲಹೆ

ಸರ್ಕಾರದ ಇ-ಸಂಜೀವಿನಿ ಉಚಿತ. ಖಾಸಗಿ ಆ್ಯಪ್‌ಗಳೂ ಬೇಕಾದಷ್ಟಿವೆ. ಮಗುವನ್ನು ಮೊದಲೇ ಬಲ್ಲ ಡಾಕ್ಟರ್ ಆದರೆ ಫೋನಿನಲ್ಲೇ ಅರ್ಧ ಗಾಬರಿ ಇಳಿಸುತ್ತಾರೆ. ಅಪರಿಚಿತರಾದರೆ ಹೊಟ್ಟೆ ಮುಟ್ಟಿ ನೋಡಲಾರರು, ಎದೆ ಕೇಳಲಾರರು. ಫೋನ್ ಮಾಡುವ ಮೊದಲು ಮಗು ಅಳದೆ ಇರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿಟ್ಟುಕೊಳ್ಳಿ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40, ಇದಕ್ಕೆ ಮುಟ್ಟಿದರೆ ಅಥವಾ ಮೀರಿದರೆ ಅದು ವೇಗದ ಉಸಿರು. ಆಗ ಫೋನ್ ಸಾಲದು, ಮಗುವನ್ನು ಎತ್ತಿಕೊಂಡು ಹೊರಡಿ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಬಾಗಿಲು ಆಯ್ದುಕೊಳ್ಳಬೇಕು ಅಂತೇನಿಲ್ಲ. ಹೆಚ್ಚಿನ ಮನೆಗಳಿಗೆ ಜೋಡಣೆಯೇ ಸರಿ.

ಕೈ ಬಿಗಿ ಇರುವ ಮನೆ, ಮಗು ಎರಡು ವರ್ಷದೊಳಗೆ: ಲಸಿಕೆ, ತೂಕ ಎಲ್ಲ ಆರೋಗ್ಯ ಕೇಂದ್ರದಲ್ಲಿ, ಒಂದೂ ತಪ್ಪದಂತೆ. ದುಡ್ಡು ಉಳಿಸಿ ಒಬ್ಬ ಮಕ್ಕಳ ಡಾಕ್ಟರಿಗೆ ಮೂರು ನಾಲ್ಕು ಸಲ, ಮಗು ಹುಷಾರಾಗಿರುವಾಗಲೇ ತೋರಿಸಿ: ಆರು ವಾರ, ಆರು ತಿಂಗಳು, ಒಂದು ವರ್ಷ, ಒಂದೂವರೆ ವರ್ಷ. ಕೈಯಲ್ಲಿ ಸ್ವಲ್ಪ ಇರುವವರು ಮಕ್ಕಳ ಡಾಕ್ಟರನ್ನೇ ಮುಖ್ಯ ಮಾಡಿಕೊಳ್ಳಿ. ಆಗಲೂ ಉಚಿತವಾಗಿ ಸಿಗುವ ಲಸಿಕೆ ಸರ್ಕಾರಿಯಲ್ಲಿ ಹಾಕಿಸಿ. ಟೈಫಾಯ್ಡ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಥರದವನ್ನು ಮಾತ್ರ ಖಾಸಗಿಯಲ್ಲಿ ಹಾಕಿಸಿದರೆ ದೊಡ್ಡ ಮೊತ್ತ ಉಳಿಯುತ್ತದೆ.

ಐದು ದಾಟಿದ, ಆರೋಗ್ಯವಾಗಿರುವ ಮಗುವಿಗೆ ಒಳ್ಳೆಯ ಫ್ಯಾಮಿಲಿ ಡಾಕ್ಟರ್ ಸಾಕು. ಈ ವಯಸ್ಸಿನ ತೊಂದರೆಗಳಲ್ಲಿ ಸ್ಕೂಲು, ಊಟ, ನಿದ್ದೆ, ಮನೆಯ ಜಗಳ ಬೆರೆತಿರುತ್ತವೆ. ಮನೆ ಬಲ್ಲವರಿಗೆ ಅದು ಬೇಗ ತಿಳಿಯುತ್ತದೆ. ಹತ್ತು ದಾಟಿದ ಮಕ್ಕಳಿಗೆ ನನ್ನ ಅಳತೆ ಒಂದೇ: ಐದು ನಿಮಿಷ ನಿಮ್ಮನ್ನು ಹೊರಗೆ ಕೂರಿಸಿ, ಮಗುವಿನ ಜೊತೆ ಒಬ್ಬರೇ ಮಾತಾಡುತ್ತಾರಾ? ಮುಟ್ಟು, ಮೈತೂಕ, ಮಾರ್ಕ್ಸು, ಫೋನು, ಸ್ಕೂಲಲ್ಲಿ ಚುಡಾಯಿಸುವುದು, ಇವೆಲ್ಲ ಅಮ್ಮನ ಮುಂದೆ ಬಾಯಿಗೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದೇ ಹದಿಹರೆಯದವರ ಇಂಥ ಮಾತಿಗೆ.

ಹಳ್ಳಿಯಲ್ಲಿದ್ದು ಮಕ್ಕಳ ಡಾಕ್ಟರ್ ತಾಲ್ಲೂಕಿನಲ್ಲಿ ಮಾತ್ರ ಇದ್ದರೆ, ಊರಿನ ಆರೋಗ್ಯ ಕೇಂದ್ರವೇ ಮೊದಲ ಬಾಗಿಲಾಗಲಿ. ಪ್ರತಿ ಕೆಮ್ಮಿಗೂ ಬಸ್ಸು ಹತ್ತಿ ಹೋಗುವುದರಲ್ಲಿ ಅರ್ಥವಿಲ್ಲ.

ನಿರ್ಧಾರ ಮಾಡುವ ಮೊದಲು ಒಂದು ಸಲ ಹೋಗಿ ನೋಡಿ. ಜ್ವರದ ದಿನ ಬೇಡ, ಸಾಧಾರಣ ದಿನ. ಗೋಡೆ ಮೇಲೆ ಕೆಪಿಎಂಇ (ಖಾಸಗಿ ಕ್ಲಿನಿಕ್, ಆಸ್ಪತ್ರೆಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ, ದರಪಟ್ಟಿ ಇದೆಯಾ? ಔಷಧ ಬರೆಯುವ ಮೊದಲು ತೂಕ ನೋಡಿದರಾ? ಮಗುವನ್ನು ಮಾತಾಡಿಸಿದರಾ? ಯಾವಾಗ ವಾಪಸ್ ಬರಬೇಕು, ಏನಾದರೆ ತಡಮಾಡದೆ ಬರಬೇಕು ಅಂತ ಹೇಳಿದರಾ?

ಯಾರನ್ನೇ ಆರಿಸಿ, ಮಗುವಿಗೆ ಅಂತ ಒಂದು ನೋಟ್‌ಬುಕ್ ಇಡಿ. ಎಲ್ಲ ಡಾಕ್ಟರೂ ಅದರಲ್ಲೇ ಬರೆಯಲಿ. ಇದರ ಬೆಲೆ ನನಗೆ ತಿಳಿದದ್ದು ಒಂದು ರಾತ್ರಿ. ಮಗನಿಗೆ ಜ್ವರ, ಮೇಜಿನ ಮೇಲೆ ಇಬ್ಬರು ಡಾಕ್ಟರು ಬರೆದ ಎರಡು ಬಾಟಲಿ. ಹೆಸರು ಬೇರೆ ಬೇರೆ, ಒಳಗಿರುವುದು ಎರಡರಲ್ಲೂ ಪ್ಯಾರಾಸಿಟಮಾಲ್. ಒಂದು ಡ್ರಾಪ್ಸ್, 1 ಮಿಲಿಯಲ್ಲಿ 100 ಮಿಲಿಗ್ರಾಂ. ಇನ್ನೊಂದು ಸಿರಪ್, 5 ಮಿಲಿಯಲ್ಲಿ 250. ಗೊತ್ತಾಗದೆ ಎರಡನ್ನೂ ಕೊಡುವುದರಲ್ಲಿದ್ದೆ. ಲೇಬಲ್ಲಿನ ಸಣ್ಣ ಅಕ್ಷರ ಕಣ್ಣಿಗೆ ಬಿದ್ದು ಕೈ ನಿಂತಿತು. ಮಾರನೇ ದಿನ ಅಂಗಡಿಗೆ ಹೋಗಿ ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ ಅವನ ತೂಕ, ಅವತ್ತಿನ ತಾರೀಖು, ಆ ತೂಕಕ್ಕೆ ಯಾವ ಬಾಟಲಿಯಿಂದ ಎಷ್ಟು ಮಿಲಿ ಅಂತ ಡಾಕ್ಟರ ಕೈಲೇ ಬರೆಸಿದ್ದೇನೆ. ತೂಕ ಹೆಚ್ಚಿದ ಹಾಗೆಲ್ಲ ಹಳೆಯದನ್ನು ಹೊಡೆದು ಅವರೇ ಹೊಸದು ಬರೆಯುತ್ತಾರೆ.